ಮಗುವಿನ ಮುಖ ಓದುವ ಕ್ಯಾಮೆರಾ

(ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಶಿಕ್ಷಣದಲ್ಲಿ ಭಾವನೆಗಳನ್ನು ಗುರುತಿಸುವ ಕಂಪ್ಯೂಟರ್'. ಇಷ್ಟು ದೊಡ್ಡ ವಿಷಯ ನಮಗ್ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಕಳೆದ ತಿಂಗಳು ನಮ್ಮ ಸಂಜೆ ಪಾಠದ ಕೇಂದ್ರಕ್ಕೆ ಬರುವ ಹುಡುಗನೊಬ್ಬನ ತಾಯಿ ಒಂದು ಕಾಗದ ಹಿಡಿದುಕೊಂಡು ಬಂದರು. ಮಗನ ಶಾಲೆಯಿಂದ ಬಂದದ್ದು. ತರಗತಿಯಲ್ಲಿ ಕ್ಯಾಮೆರಾ ಹಾಕುತ್ತೇವೆ, ಮಕ್ಕಳ ಮುಖ ನೋಡಿ ಯಾರಿಗೆ ಪಾಠದಲ್ಲಿ ಗಮನ ಇದೆ, ಯಾರಿಗೆ ಬೇಸರವಾಗಿದೆ ಎಂದು ಅದು ತಿಳಿಸುತ್ತದೆ, ನಿಮ್ಮ ಒಪ್ಪಿಗೆ ಬೇಕು ಎಂದು ಬರೆದಿತ್ತು. ಆಕೆ ಕೇಳಿದ್ದು ಒಂದೇ ಮಾತು: "ಸಾರ್, ಇದಕ್ಕೆ ಸೈನ್ ಹಾಕ್ಲಾ, ಬೇಡ್ವಾ?" ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಓದಿಕೊಂಡು ಹೇಳ್ತೀನಮ್ಮ ಅಂದೆ. ಓದಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಯಂತ್ರ ಏನು ಮಾಡುತ್ತದೆ ಎಂದು ತಿಳಿಯೋಣ. ಅದಕ್ಕೆ ಮನಸ್ಸು ಕಾಣುವುದಿಲ್ಲ, ಚರ್ಮ ಕಾಣುತ್ತದೆ. ಹುಬ್ಬು ಎಷ್ಟು ಗಂಟಿಕ್ಕಿತು, ತುಟಿಯ ಅಂಚು ಮೇಲೆ ಹೋಯಿತೋ ಕೆಳಗೆ ಬಂತೋ, ಕಣ್ಣು ಎಷ್ಟು ತೆರೆದಿದೆ ಎಂದು ಅಳೆಯುತ್ತದೆ. ಅಮೆರಿಕದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಮುಖದ ಸ್ನಾಯುಗಳ ಒಂದೊಂದು ಚಲನೆಗೂ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ್ದರು. ಎಂಐಟಿಯ ರೊಸಾಲಿಂಡ್ ಪಿಕಾರ್ಡ್ 1997ರಲ್ಲಿ ಪುಸ್ತಕ ಬರೆದು, ಕಂಪ್ಯೂಟರು ಮನುಷ್ಯರ ಭಾವನೆಗೂ ಸ್ಪಂದಿಸಬೇಕು ಎಂದರು. ಆಮೇಲೆ ಬಂದ ಯಂತ್ರಗಳಿಗೆ ಸಾವಿರಾರು ಫೋಟೋ ತೋರಿಸಿ, ಇದು ಸಂತೋಷ, ಇದು ಕೋಪ, ಇದು ದುಃಖ ಎಂದು ಮನುಷ್ಯರೇ ಹೇಳಿಕೊಟ್ಟರು. ಹೇಳಿಕೊಟ್ಟಷ್ಟನ್ನು ಅದು ಒಪ್ಪಿಸುತ್ತದೆ.

ಇದೆಲ್ಲಾ ಕೆಟ್ಟದ್ದು ಎಂದು ಹೇಳಲು ನಾನು ಬಂದಿಲ್ಲ. ಮೆಂಫಿಸ್ ವಿಶ್ವವಿದ್ಯಾನಿಲಯದಲ್ಲಿ ಆಟೋಟ್ಯೂಟರ್ ಎಂಬ ಪಾಠ ಹೇಳುವ ಕಂಪ್ಯೂಟರ್ ಮಾಡಿದರು. ಸಿಡ್ನಿ ಡಿಮೆಲ್ಲೊ, ಆರ್ಟ್ ಗ್ರೇಸರ್ ಮತ್ತು ಅವರ ಜೊತೆಗಾರರು, ವಿದ್ಯಾರ್ಥಿಗೆ ಬೇಸರವೋ, ಗೊಂದಲವೋ, ಹತಾಶೆಯೋ ಎಂದು ಊಹಿಸಿ ಅದು ಮಾತಿನ ಧಾಟಿ ಬದಲಿಸುವಂತೆ ಮಾಡಿದರು. ವಿದ್ಯಾರ್ಥಿ ಕೊಡುವ ಉತ್ತರ, ಅವನ ಮುಖ, ಕುರ್ಚಿಯಲ್ಲಿ ಕೂತ ಭಂಗಿ, ಮೂರನ್ನೂ ಅದು ಗಮನಿಸುತ್ತಿತ್ತು. ವಿಷಯ ಅಷ್ಟಾಗಿ ಗೊತ್ತಿಲ್ಲದ ವಿದ್ಯಾರ್ಥಿಗಳಿಗೆ ಎರಡನೆಯ ಸುತ್ತಿನ ಪಾಠದಲ್ಲಿ ಇದರಿಂದ ಪ್ರಯೋಜನವಾಯಿತು. ಮೊದಲೇ ಚೆನ್ನಾಗಿ ಬಲ್ಲವರಿಗೆ ಆಗಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಅದೇ ತಂಡ ಮುಂದೆ ಕಂಡುಕೊಂಡ ಇನ್ನೊಂದು ಸಂಗತಿ. ಗೊಂದಲ ಕೆಟ್ಟದ್ದಲ್ಲವಂತೆ. ಗೊಂದಲಕ್ಕೆ ಬಿದ್ದು, ಅದನ್ನು ಬಿಡಿಸಿಕೊಂಡವರು ಹೆಚ್ಚು ಆಳವಾಗಿ ಕಲಿಯುತ್ತಾರೆ. ಲೆಕ್ಕ ಮಾಡುವಾಗ ಹುಬ್ಬು ಗಂಟಿಕ್ಕಿಕೊಂಡು ಕೂತ ಹುಡುಗಿಯನ್ನು ನೆನೆಸಿಕೊಳ್ಳಿ. ಅವಳ ಮುಖಕ್ಕೆ ಯಂತ್ರ 'ಕೋಪ' ಎಂದು ಚೀಟಿ ಹಚ್ಚಿದರೆ?

ಇನ್ನೊಂದು ಒಳ್ಳೆಯ ಉದಾಹರಣೆ ಸ್ಟ್ಯಾನ್‌ಫರ್ಡ್‌ನದ್ದು. ಆಟಿಸಂ ಇರುವ ಕೆಲವು ಮಕ್ಕಳಿಗೆ ಎದುರಿನವರ ಮುಖಭಾವ ತಿಳಿಯುವುದು ಕಷ್ಟ. ಅಂಥವರಿಗಾಗಿ ಒಂದು ಕನ್ನಡಕ ಮಾಡಿದರು. ಅಮ್ಮ ನಗುತ್ತಿದ್ದಾಳೆ, ಅಪ್ಪನಿಗೆ ಆಶ್ಚರ್ಯವಾಗಿದೆ ಎಂದು ಅದು ಮಗುವಿಗೆ ಹೇಳುತ್ತದೆ. 71 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕನ್ನಡಕ ಬಳಸಿದ ಮಕ್ಕಳು ಇತರರೊಡನೆ ಬೆರೆಯುವುದರಲ್ಲಿ ಸುಧಾರಿಸಿದ್ದರು. ಇಲ್ಲಿ ಯಂತ್ರ ಇರುವುದು ಮಗುವಿನ ಕಡೆಗೆ. ಅದು ಮಗುವಿಗೆ ಹೇಳುತ್ತದೆ, ಮಗುವಿನ ಬಗ್ಗೆ ಬೇರೆಯವರಿಗೆ ಹೇಳುವುದಿಲ್ಲ.

ಈಗ ಯಂತ್ರ ಕರಿಹಲಗೆಯ ಮೇಲೆ ಹೋಗಿ ಕೂತರೆ ಏನಾಗುತ್ತದೆ ನೋಡಿ. ಚೀನಾದ ಹಾಂಗ್‌ಝೌ ನಗರದ 11ನೇ ನಂಬರಿನ ಶಾಲೆಯಲ್ಲಿ 2018ರಲ್ಲಿ ಹಾಗೇ ಮಾಡಿದರು. ಪ್ರತಿ 30 ಸೆಕೆಂಡಿಗೊಮ್ಮೆ ಕ್ಯಾಮೆರಾ ಇಡೀ ತರಗತಿಯನ್ನು ನೋಡುತ್ತಿತ್ತು. ಓದುವುದು, ಬರೆಯುವುದು, ಕೈ ಎತ್ತುವುದು, ಡೆಸ್ಕಿನ ಮೇಲೆ ಒರಗುವುದು, ಹೀಗೆ ಆರು ನಡವಳಿಕೆ. ಸಂತೋಷ, ದುಃಖ, ಭಯ, ಕೋಪ ಮುಂತಾಗಿ ಏಳು ಮುಖಭಾವ. ಕ್ಯಾಮೆರಾ ಬಂದ ಮೇಲೆ ಮನಸ್ಸನ್ನು ಆಚೆ ಈಚೆ ಬಿಡಲು ಧೈರ್ಯವಾಗುವುದಿಲ್ಲ ಎಂದು ಅಲ್ಲಿಯ ಮಕ್ಕಳು ಪತ್ರಿಕೆಯವರಿಗೆ ಹೇಳಿದರು. ಶಾಲೆಯವರಿಗೆ ಇದು ಹೊಗಳಿಕೆಯಾಗಿಯೇ ಕೇಳಿಸಿರಬೇಕು! ಮರುವರ್ಷ ಅದೇ ಪ್ರಾಂತ್ಯದ ಜಿನ್‌ಹುವಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ತಲೆಗೇ ಪಟ್ಟಿ ಕಟ್ಟಿದರು. ಗಮನ ಇದ್ದರೆ ಹಣೆಯ ಮೇಲೆ ಕೆಂಪು ದೀಪ, ಇಲ್ಲದಿದ್ದರೆ ನೀಲಿ. ಜನ ಕೂಗಾಡಿದ ಮೇಲೆ ಅಧಿಕಾರಿಗಳು ನಿಲ್ಲಿಸಿದರು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದಿನ ಮಾತು. ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೈದರೆ ನಗುತ್ತಿದ್ದಳು. ಜೋರಾಗಿ ಬೈದರೆ ಇನ್ನೂ ನಗು. ಉದ್ಧಟತನ ಎಂದು ತಿಳಿದು ಒಂದು ದಿನ ಹೊರಗೆ ನಿಲ್ಲಿಸಿದೆ. ಮರುದಿನ ಅವಳ ಅಜ್ಜಿ ಬಂದರು. "ಅವ್ಳು ಹೆದ್ರಿದ್ರೆ ನಗ್ತಾಳೆ ಮೇಷ್ಟ್ರೇ. ಅವ್ರಪ್ಪ ಕುಡ್ದು ಬಂದಾಗ್ಲೂ ಹಿಂಗೇ" ಅಂದರು. ನನಗೆ ಮಾತು ಹೊರಡಲಿಲ್ಲ. ಎರಡು ವರ್ಷದಿಂದ ದಿನಾ ನೋಡಿದ ಮುಖ ಅದು.

ಮನುಷ್ಯರೂ ತಪ್ಪು ಓದುತ್ತಾರೆ, ಅರವತ್ತು ಮಕ್ಕಳನ್ನು ಒಬ್ಬ ಶಿಕ್ಷಕ ನೋಡಲಾಗುವುದಿಲ್ಲ, ಅದಕ್ಕೇ ಯಂತ್ರ ಬೇಕು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ, ಅರವತ್ತು ಮಕ್ಕಳ ಕಷ್ಟ ನನಗೆ ಗೊತ್ತು. ಆದರೆ ಆ ಹುಡುಗಿಯ ಮುಖ ನೋಡಿ ಯಂತ್ರ ಏನು ಬರೆಯುತ್ತಿತ್ತು? 'ಸಂತೋಷ' ಎಂದು. ತಿಂಗಳ ಕೊನೆಗೆ ಇಡೀ ಶಾಲೆಯಲ್ಲಿ ಅತ್ಯಂತ ಸಂತೋಷದ ಮಗು ಅವಳೇ ಆಗಿರುತ್ತಿದ್ದಳು. ಅಜ್ಜಿ ನನ್ನ ಹತ್ತಿರ ಬಂದು ಜಗಳವಾಡಬಹುದಿತ್ತು. ಪಟ್ಟಿಯ ಹತ್ತಿರ ಯಾರು ಜಗಳವಾಡುತ್ತಾರೆ?

ಇದು ನನ್ನೊಬ್ಬನ ಅನುಭವ ಮಾತ್ರವಲ್ಲ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇನ್ನು ನಾಲ್ವರು ವಿಜ್ಞಾನಿಗಳು ಸಾವಿರಕ್ಕೂ ಮೀರಿದ ಸಂಶೋಧನಾ ಲೇಖನಗಳನ್ನು ಪರಿಶೀಲಿಸಿದರು. ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸರಾಸರಿ ನೂರಕ್ಕೆ 30 ಸಲ ಮಾತ್ರ, ಉಳಿದ ಸಲ ಮುಖ ಬೇರೇನೋ ಮಾಡುತ್ತದೆ, ಕೋಪವೇ ಇಲ್ಲದಾಗಲೂ ಹುಬ್ಬು ಗಂಟಿಕ್ಕುತ್ತದೆ ಎಂದು ಕಂಡರು. ಮೈಕ್ರೋಸಾಫ್ಟ್ ಕಂಪನಿ 2022ರ ಜೂನ್‌ನಲ್ಲಿ, ಮುಖ ನೋಡಿ ಭಾವನೆ ಹೇಳುವ ತನ್ನ ಸೇವೆಯನ್ನು ಹಿಂತೆಗೆದುಕೊಳ್ಳುವುದಾಗಿ ತಿಳಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಫೆಬ್ರವರಿ 2ರಿಂದ ಶಾಲೆಗಳಲ್ಲೂ ಕೆಲಸದ ಸ್ಥಳಗಳಲ್ಲೂ ಇಂಥ ಯಂತ್ರವನ್ನು ನಿಷೇಧಿಸಲಾಗಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ.

ನಮ್ಮ ದೇಶದಲ್ಲಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅದು ತಡೆಯುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುವ ನಿಯಮಗಳಲ್ಲಿ, ಶೈಕ್ಷಣಿಕ ಚಟುವಟಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ಶಾಲೆಗಳು ಕಣ್ಣಿಡಬಹುದು ಎಂಬ ವಿನಾಯಿತಿ ಇದೆ. ಕಾಯ್ದೆ ಇದೆಯಲ್ಲಾ ಎಂದು ಸುಮ್ಮನೆ ಕೂರುವ ಹಾಗಿಲ್ಲ. ನಾವು ಕೇಳಬೇಕು.

ಆ ತಾಯಿಗೆ ಕೊನೆಗೆ ಏನು ಹೇಳಿದೆ ಅಂದರೆ, ಈಗ ಸೈನ್ ಹಾಕಬೇಡಿ, ಮೊದಲು ಕೇಳಿ. ಇಬ್ಬರೂ ಕೂತು ಕಾಗದ ಬರೆದೆವು. ಆಕೆ ಹೇಳಿದರು, ನಾನು ಬರೆದೆ. ಕ್ಯಾಮೆರಾ ಬರೆಯುವುದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಕಂಪನಿಯವರಿಗೂ ಹೋಗುತ್ತದೆಯೇ, ಅಂಕಪಟ್ಟಿಗೆ ಸೇರುತ್ತದೆಯೇ, ಒಪ್ಪದಿದ್ದರೆ ಮಗನನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದೆವು. ಮುಗಿಯಿತು ಅಂದುಕೊಂಡಾಗ ಆಕೆ, "ಇನ್ನೊಂದು ಬರೀರಿ ಸಾರ್" ಅಂದರು. "ನನ್ ಮಗಂಗೆ ಬೇಜಾರಾಗಿದೆ ಅಂತ ಮಿಷನ್ ಹೇಳಿದ್ರೆ, ಆಮೇಲೆ ಅವನನ್ನ ಮಾತಾಡಿಸೋರು ಯಾರು?"

ಇದು ನನಗೆ ಹೊಳೆದಿರಲಿಲ್ಲ. ಅದನ್ನೇ ಮೊದಲನೆಯ ಪ್ರಶ್ನೆಯಾಗಿ ಹಾಕಿ ಕಾಗದವನ್ನು ಮತ್ತೆ ಬರೆದೆವು. ಶಾಲೆಯಿಂದ ಇನ್ನೂ ಉತ್ತರ ಬಂದಿಲ್ಲ. ಆ ಕಾಗದದ ಜೆರಾಕ್ಸ್ ಪ್ರತಿಗಳು ಬಾಗಿಲ ಪಕ್ಕದ ಮೇಜಿನ ಮೇಲಿವೆ. ನಿಮ್ಮ ಮಕ್ಕಳ ಶಾಲೆಯಿಂದಲೂ ಇಂಥ ಕಾಗದ ಬಂದಿದ್ದರೆ ಒಂದು ತೆಗೆದುಕೊಂಡು ಹೋಗಿ. ಓದಲು ಬಾರದವರು ಊಟದ ನಂತರ ನನ್ನ ಹತ್ತಿರ ಬನ್ನಿ, ಓದಿ ಹೇಳ್ತೀನಿ.