ಸಂಕಮ್ಮ ಭಾಷೆ ಕೊಡಲಿಲ್ಲ

ಮಂಡ್ಯ ಸೀಮೆಯ ಹಾಡು ಎಂದೊಡನೆ ಒಲಿದ ಗಂಡಹೆಂಡಿರ ಹಾಡು ನೆನಪಿಗೆ ಬರುತ್ತದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಅರಳಿದ್ದು ಈ ನೆಲದ ಭಾಗ್ಯ. ಆದರೆ ಮುರಿದ ದಾಂಪತ್ಯಕ್ಕೂ ಇಲ್ಲಿ ದೊಡ್ಡ ಹಾಡೊಂದಿದೆ. ಮದ್ದೂರು, ಮಳವಳ್ಳಿ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಒಕ್ಕಲುಗಳು ತಲೆಮಾರುಗಳಿಂದ ಕೇಳುತ್ತ ಬಂದ ಮಲೆಮಾದೇಶ್ವರ ಕಾವ್ಯದಲ್ಲಿ ಅದು ‘ಸಂಕಮ್ಮನ ಸಾಲು’. ಕಾಡಿಗೆ ಹೊರಟ ನೀಲೇಗೌಡ, ತಾನಿಲ್ಲದಾಗ ನೇಮದಿಂದ ಇರುತ್ತೇನೆಂದು ಭಾಷೆ ಕೊಡು ಎಂದು ಹೆಂಡತಿ ಸಂಕಮ್ಮನನ್ನು ಪೀಡಿಸುತ್ತಾನೆ. ಆಕೆ ಕೊಡುವುದಿಲ್ಲ. ಹಿಂಸಿಸಿ, ಬಂಧನದಲ್ಲಿಟ್ಟು ಹೋಗುತ್ತಾನೆ. ಕೊನೆಗೆ ಅವಳನ್ನು ಬಿಡಿಸುವವನು ಮಾದಪ್ಪ.

ಇದು ಕಾಯಿದೆಯ ವಿಚ್ಛೇದನವಲ್ಲ, ನಿಜ. ಆದರೂ ಸಂಸಾರ ಒಡೆದವರ ಎದೆಯಲ್ಲಿ ಹಾಡು ಹುಟ್ಟುವುದೇಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣದು. ದುಃಖವೊಂದೇ ಹಾಡಾಗುವುದಿಲ್ಲ, ಬರಿಯ ದುಃಖ ಮೂಲೆ ಹಿಡಿದು ಕೂರುತ್ತದೆ. ತನ್ನ ಮಾತನ್ನು ಯಾರೂ ನಂಬಲಿಲ್ಲ ಎಂಬ ಸಿಟ್ಟು ಅದಕ್ಕೆ ಬಾಯಿ ಕೊಡುತ್ತದೆ. 1955ರ ಹಿಂದೂ ವಿವಾಹ ಕಾಯಿದೆ ಬೇರೆಯಾಗುವ ದಾರಿ ತೆರೆಯಿತು, ಅದು ಸಣ್ಣ ಉಪಕಾರವಲ್ಲ. ಆದರೆ ಕೋರ್ಟಿನಲ್ಲಿ ವಕೀಲರು ಕೇಳಿದ್ದಕ್ಕಷ್ಟೇ ಉತ್ತರ. ಪಂಚಾಯ್ತಿ ಕಟ್ಟೆಯಲ್ಲಿ ಅದಕ್ಕೂ ಅವಕಾಶ ಕಡಿಮೆ. ಹಾಡಿನಲ್ಲಿ ನೊಂದವಳು ಎಲ್ಲಿಂದ ಬೇಕಾದರೂ ಶುರುಮಾಡಬಹುದು, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ.

ಕಂಸಾಳೆ ಹಿಡಿದು ಸಂಕಮ್ಮನ ಸಾಲನ್ನು ಹಾಡುತ್ತ ಬಂದ, ಮಾದಪ್ಪನ ಭಕ್ತರಾದ ದೇವರಗುಡ್ಡರು ಗಂಡಸರಲ್ಲವೇ, ಹೆಣ್ಣಿನ ಸಿಟ್ಟು ಅವರದು ಹೇಗಾದೀತು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದೂರದ ಸ್ವೀಡನ್ನಿನಲ್ಲಿ ‘ಅಬ್ಬಾ’ ಸಂಗೀತ ತಂಡದ ಬ್ಯೋರ್ನ್ ಉಲ್ವೇಯಸ್, ಹೆಂಡತಿಯೂ ತಂಡದ ಗಾಯಕಿಯೂ ಆಗಿದ್ದ ಅಗ್ನೆತಾರಿಂದ ಬೇರೆಯಾದ ಮೇಲೆ 1980ರಲ್ಲಿ ಸೋತವಳ ಬಾಯಲ್ಲಿ ಒಂದು ಹಾಡು ಬರೆದರು. ಹಾಡಿದ್ದು ಅದೇ ಅಗ್ನೆತಾ. ಬರೆದವನ ಹಾಡು ಹಾಡಿದವಳದಾಯಿತು. ಸಂಕಮ್ಮನ ಮಾತೂ ಗುಡ್ಡರ ಕಂಠದಲ್ಲಿ ಬಂದರೂ, ಅದನ್ನು ತನ್ನದೆಂದು ಕೇಳಿಸಿಕೊಳ್ಳಲು ತವರಿಗೆ ಮರಳಿದ ಹೆಣ್ಣುಮಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಸಿಟ್ಟಿನ ಹಾಡು ಗಾಯವನ್ನು ಕೆದಕುತ್ತದೆ ಎನ್ನುವವರೂ ಇದ್ದಾರೆ. ಬೈಗುಳವಾದರೆ ಕೆದಕೀತು. ಹಾಡಿಗೆ ತಾಳ ಬೇಕು, ಉಸಿರಿನ ಹಿಡಿತ ಬೇಕು, ಪಲ್ಲವಿ ಎತ್ತಿಕೊಳ್ಳುವ ಹಿಮ್ಮೇಳ ಬೇಕು. ಒಬ್ಬಳ ಅಳಲನ್ನು ನಾಲ್ಕು ಜನ ಸೇರಿ ಮತ್ತೆ ಮತ್ತೆ ಹೇಳುವಾಗ, ಅವಳು ಸುಳ್ಳು ಹೇಳುತ್ತಿದ್ದಾಳೆ ಎನ್ನುವುದು ಊರಿಗೆ ಅಷ್ಟು ಸುಲಭವಲ್ಲ.