ರಾಗಿಯ ಬಿತ್ತನೆ ಬೀಜ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ರಾಗಿ ಕೊಯ್ಲು ಹತ್ತಿರ ಬಂದಿದೆ. ಕುಡುಗೋಲು ಹಾಕುವ ಮೊದಲು ಒಂದು ಕೆಲಸವನ್ನು ಜ್ಞಾಪಿಸಲು ಬಂದಿದ್ದೇನೆ. ಬಿತ್ತನೆಯ ಬೀಜವನ್ನು ಕಣದ ರಾಶಿಯಿಂದ ಮೊಗೆಯಬೇಡಿರಿ. ನಿಂತ ಪೈರಿನಲ್ಲಿಯೇ ಆರಿಸಿರಿ. ರಾಶಿಯಾದ ಮೇಲೆ ಬೆಂಕಿರೋಗ ತಗುಲಿದ ತೆನೆಯ ಕಾಳು ಯಾವುದೆಂದು ಯಾರು ಹೇಳಬಲ್ಲರು? ಆ ರೋಗ ಬೀಜದೊಡನೆಯೇ ಮುಂದಿನ ವರ್ಷದ ಹೊಲಕ್ಕೂ ಬರುತ್ತದೆ. ಆದುದರಿಂದ ಕುತ್ತಿಗೆ ಕಪ್ಪಾಗದ, ಚೆನ್ನಾಗಿ ಮಾಗಿದ ತೆನೆಗಳನ್ನು ಹೊಲದಲ್ಲಿ ನೋಡಿ ಬೇರೆ ಕೊಯ್ದು, ಬೇರೆಯೇ ಬಡಿಯಿರಿ. ನಾಟಿಗೆ ಎಕರೆಗೆ 2 ಕಿಲೋ, ಕೂರಿಗೆ ಬಿತ್ತನೆಗೆ 4 ಕಿಲೋ ಇದ್ದರೆ ಸಾಕು.

ರಾಗಿ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಪೈರು. ಆದ್ದರಿಂದ ಬೀಜ ಬೇಗ ಬೆರಕೆಯಾಗುವುದಿಲ್ಲ. ಹೈಬ್ರಿಡ್ ಮುಸುಕಿನ ಜೋಳಕ್ಕೆ ಈ ಮಾತು ಸಲ್ಲದು. ಅದರ ಕಾಳನ್ನು ಮತ್ತೆ ಬಿತ್ತಿದರೆ ಬೆಳೆ ಏರುಪೇರಾಗುತ್ತದೆ.

ಬೀಜವನ್ನು ಒಣಗಿಸಿ, ಬೂದಿ ಬೆರೆಸಿ ಇಡುವುದನ್ನು ತಾಯಂದಿರಿಗೆ ನಾನು ಕಲಿಸಬೇಕಾಗಿಲ್ಲ. ಬಿತ್ತುವ ಮುನ್ನ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ತೇವ ಆರದಂತೆ ಇಡಿರಿ. 75ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ನೋಡಿರಿ.

“ಸುಧಾರಿಸಿದ ತಳಿ ಇರುವಾಗ ಹಳೆಯದು ಏಕೆ?” ಎಂದು ಕೆಲವರು ಕೇಳುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಹೆಸರಿನಲ್ಲಿಯೇ ಇಂಡಿಯಾವೂ ಆಫ್ರಿಕವೂ ಇವೆ. ಯಾರೋ ರೈತರು ತಲೆತಲಾಂತರ ಉಳಿಸಿದ ಬೀಜವಿಲ್ಲದಿದ್ದರೆ ಅವರು ಏನನ್ನು ಕೂಡಿಸುತ್ತಿದ್ದರು? ಹೊಸ ತಳಿ ಬೇಡವೆಂದು ನಾನು ಹೇಳುತ್ತಿಲ್ಲ. ಇಳುವರಿ ಬೇಕೇ ಬೇಕು. ಆದರೆ ಹಸುವಿಗೆ ಹುಲ್ಲೂ ಬೇಕು, ಮುದ್ದೆಗೆ ರುಚಿಯೂ ಬೇಕು. ಇವುಗಳ ಲೆಕ್ಕ ನಿಮಗೆ ಗೊತ್ತಿರುವಷ್ಟು ನಮ್ಮ ಪುಸ್ತಕಗಳಿಗೆ ಗೊತ್ತಿಲ್ಲ.

ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಕಡುಶೀತದಲ್ಲಿ ಕಾಪಾಡುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಮಲಗಿದ ಬೀಜ ಈಚಿನ ತಪ್ಪಿದ ಮಳೆಯನ್ನು ಕಂಡಿಲ್ಲ. ನಿಮ್ಮ ಹೊಲದ್ದು ಕಂಡಿದೆ. ಮಳೆ ಕೈಕೊಟ್ಟ ವರ್ಷವೂ ತೆನೆ ಕೊಟ್ಟ ಗಿಡ ಯಾವುದೆಂದು ಸಂಶೋಧಕರಿಗೆ ನೀವೇ ತೋರಿಸಬೇಕು.

2001ರ ಸಸ್ಯತಳಿ ಸಂರಕ್ಷಣಾ ಕಾಯಿದೆಯಂತೆ ಬೆಳೆದ ಬೀಜವನ್ನು ಉಳಿಸಲು, ಬಿತ್ತಲು, ವಿನಿಮಯ ಮಾಡಲು, ಮಾರಲು ರೈತನಿಗೆ ಹಕ್ಕಿದೆ. ಸಂರಕ್ಷಿತ ತಳಿಯ ಬೀಜವನ್ನು ಮಾತ್ರ ಬ್ರಾಂಡಿನ ಚೀಲದಲ್ಲಿ ಮಾರುವಂತಿಲ್ಲ.

ಹಸಿರುಕಂಬಿ, ಕರಿಗಿಡ್ಡ ಇನ್ನೂ ಇರುವ ಮನೆಗಳು ಬೆರಳೆಣಿಕೆಯಷ್ಟು. ಆ ಮನೆಯ ಕಷ್ಟಕಾಲದಲ್ಲಿ ಗುಡಾಣ ಖಾಲಿಯಾದರೆ ಊರಿಗೆ ಆ ತಳಿ ಇಲ್ಲ. ಆದುದರಿಂದ ಅಂಥ ಬೀಜ ಇರುವವರು ಈ ಸುಗ್ಗಿಯಲ್ಲಿ ಇನ್ನೆರಡು ಮನೆಗೆ ಒಂದೊಂದು ಸೇರು ಕೊಡಿರಿ. ನನಗೂ ಒಂದು ಹಿಡಿ ಕಾಗದದಲ್ಲಿ ಕಟ್ಟಿ ಕೊಡಿರಿ. ತಳಿಯ ಹೆಸರು ತಿಳಿಯದಿದ್ದರೆ ಯಾರ ಹೊಲದ್ದೆಂದು ಬರೆದರೂ ಸಾಕು.