ಗಾಲಿ ಕುಂಟಬಾರದೆಂದರೆ ತೂತು ಎಲ್ಲಿರಬೇಕು?

ಮಕ್ಕಳೇ, ಮರದ ಆಟಿಕೆ ಬಂಡಿಯನ್ನು ಎಳೆದುಕೊಂಡು ಹೋಗುವಾಗ ಕೆಲವೊಮ್ಮೆ ಅದು ಕುಂಟುತ್ತದೆ, ನೋಡಿದ್ದೀರಾ? ಗಾಲಿ ದುಂಡಗೇ ಇದೆ, ನೆಲವೂ ಸಮವಾಗಿದೆ. ಹಾಗಾದರೆ ತಪ್ಪು ಎಲ್ಲಿ? ಗಾಲಿಯ ತೂತಿನಲ್ಲಿ!

ತೂತು ಕೇಂದ್ರದಿಂದ 1 ಮಿ.ಮೀ. ಸರಿದಿದೆ ಎಂದುಕೊಳ್ಳಿ. ಆಗ ಅಚ್ಚಿನಿಂದ ಗಾಲಿಯ ಅಂಚಿಗೆ ಒಂದು ಕಡೆ 1 ಮಿ.ಮೀ. ಹೆಚ್ಚು ದೂರ, ಅದರ ಎದುರು ಕಡೆ 1 ಮಿ.ಮೀ. ಕಡಿಮೆ. ಗಾಲಿ ಒಂದು ಸುತ್ತು ಉರುಳುವಷ್ಟರಲ್ಲಿ ಅಚ್ಚು 2 ಮಿ.ಮೀ. ಏರಿ ಇಳಿಯುತ್ತದೆ. ಸಣ್ಣ ತಪ್ಪು ದುಪ್ಪಟ್ಟಾಗಿ ಕಾಣುತ್ತದೆ.

ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಲೇತ್‌ನಲ್ಲಿ ಮರವೇ ತಿರುಗುತ್ತದೆ. ತಿರುಗುವ ಮರದ ಮುಖದಲ್ಲಿ ಕದಲದೆ ನಿಲ್ಲುವ ಬಿಂದು ಒಂದೇ, ಅದೇ ಕೇಂದ್ರ. ಅಲ್ಲಿ ಹುಡುಕಾಟವೇ ಬೇಡ. ಕತ್ತರಿಸಿಟ್ಟ ಗಾಲಿಗೆ ತೂತು ಕೊರೆಯುವವರು ಮಾತ್ರ ಕೇಂದ್ರವನ್ನು ಹುಡುಕಿಕೊಳ್ಳಬೇಕು.

ಅದಕ್ಕೊಂದು ಸೊಗಸಾದ ಉಪಾಯವಿದೆ. ಗಾಲಿಗಿಂತ ದೊಡ್ಡದಾದ ಒಂದು ರಟ್ಟನ್ನು ತೆಗೆದುಕೊಳ್ಳಿ. ಅದರ ಮೂಲೆ ಸರಿಯಾಗಿ 90 ಡಿಗ್ರಿ ಇರಲಿ. ಆ ಮೂಲೆಯನ್ನು ಗಾಲಿಯ ಅಂಚಿಗೆ ತಾಗಿಸಿಡಿ. ರಟ್ಟಿನ ಎರಡು ಬದಿಗಳು ಗಾಲಿಯ ಅಂಚನ್ನು ದಾಟುವಲ್ಲಿ ಗುರುತು ಹಾಕಿ, ಎರಡನ್ನೂ ಗೆರೆ ಎಳೆದು ಸೇರಿಸಿ. ಆ ಗೆರೆಯೇ ವ್ಯಾಸ! ಅರ್ಧವೃತ್ತದೊಳಗಿನ ಕೋನ ಯಾವಾಗಲೂ ಲಂಬಕೋನ ಎಂಬ ರೇಖಾಗಣಿತದ ನಿಯಮ ಇಲ್ಲಿ ಕೆಲಸ ಮಾಡುತ್ತಿದೆ. ಮೂಲೆಯನ್ನು ಬೇರೊಂದು ಕಡೆ ಇಟ್ಟು ಇನ್ನೊಂದು ವ್ಯಾಸ ಎಳೆಯಿರಿ. ಎರಡೂ ಕೂಡುವ ಚುಕ್ಕೆಯೇ ಕೇಂದ್ರ.

ಚುಕ್ಕೆ ಸಿಕ್ಕಿತು. ಡ್ರಿಲ್ ಅಲ್ಲೇ ಇಳಿಯುತ್ತದೆಯೇ? ಡ್ರಿಲ್ ಬಿಟ್‌ನ ತುದಿಯನ್ನು ಹತ್ತಿರದಿಂದ ನೋಡಿ. ಕತ್ತರಿಸುವ ಎರಡು ಅಲಗುಗಳ ನಡುವೆ ಒಂದು ಗಿಡ್ಡ ಏಣು ಇರುತ್ತದೆ. ಬಿಟ್ ಎಷ್ಟೇ ಜೋರಾಗಿ ತಿರುಗಿದರೂ ನಟ್ಟನಡುವಿನ ವೇಗ ಸೊನ್ನೆ. ಹಾಗಾಗಿ ಆ ಭಾಗ ಮರವನ್ನು ಕತ್ತರಿಸದು, ಬರೀ ಒತ್ತುತ್ತದೆ, ಜಾರುತ್ತದೆ. ತೇಗದಂಥ ಮರದಲ್ಲಿ ಮೆತ್ತಗಿನ ಪಟ್ಟಿ, ಗಟ್ಟಿ ಪಟ್ಟಿ ಪಕ್ಕಪಕ್ಕದಲ್ಲೇ ಇರುತ್ತವೆ. ಬಿಟ್ ಮೆತ್ತಗಿನ ಕಡೆಗೆ ವಾಲುತ್ತದೆ. ಅದಕ್ಕೇ ಬಡಗಿಗಳು ಮೊದಲು ಚುಕ್ಕೆಯ ಮೇಲೆ ಚೂಪು ಮೊಳೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪುಟ್ಟ ಕುಳಿ ಮಾಡಿಕೊಳ್ಳುತ್ತಾರೆ. ಬಿಟ್‌ನ ತುದಿ ಕುಳಿಯಲ್ಲಿ ಕೂತರೆ ಅತ್ತಿತ್ತ ಓಡದು. ಮರಕ್ಕೆಂದೇ ಮಾಡಿದ ಕೆಲವು ಬಿಟ್‌ಗಳಲ್ಲಿ ನಡುವೆ ಮುಳ್ಳಿನಂಥ ಮೊನೆ ಇರುವುದೂ ಇದಕ್ಕಾಗಿಯೇ.

ಇನ್ನು ಡ್ರಿಲ್ ನೆಟ್ಟಗೆ ನಿಲ್ಲಬೇಕು. ಅದು 5 ಡಿಗ್ರಿ ವಾಲಿದರೆ, 20 ಮಿ.ಮೀ. ದಪ್ಪದ ಗಾಲಿಯ ಆಚೆ ಬದಿಯಲ್ಲಿ ತೂತು ಸುಮಾರು ಒಂದೂಮುಕ್ಕಾಲು ಮಿ.ಮೀ. ಸರಿದಿರುತ್ತದೆ. ಇದನ್ನು ಪರೀಕ್ಷಿಸಲು ಒಂದು ಪುಟ್ಟ ಕನ್ನಡಿ ಸಾಕು. ಡ್ರಿಲ್ ಚಾಲೂ ಮಾಡುವ ಮೊದಲೇ, ಕನ್ನಡಿಯನ್ನು ಬಿಟ್‌ನ ಮುಂದೆ ಗಾಲಿಯ ಮೇಲೆ ಮಲಗಿಸಿ. ಬಿಟ್ ಮತ್ತು ಅದರ ಪ್ರತಿಬಿಂಬ ಒಂದೇ ನೇರ ಗೆರೆಯಾಗಿ ಕಂಡರೆ ಸರಿ. ನಡುವೆ ಮುರಿದಂತೆ ಕಂಡರೆ ಡ್ರಿಲ್ ವಾಲಿದೆ. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಬೇಕು; ನಿಮ್ಮ ಕಡೆಗೇ ವಾಲಿದ್ದರೆ ಎದುರಿನಿಂದ ಗೊತ್ತಾಗುವುದಿಲ್ಲ. ನೋಡಿದ ಮೇಲೆ ಕನ್ನಡಿಯನ್ನು ತೆಗೆದುಬಿಡಿ.

ಗಾಲಿಯ ಕೆಳಗೆ ಬೇಡದ ಮರದ ತುಂಡೊಂದನ್ನು ಒತ್ತಿಡಿ. ಬಿಟ್ ಹೊರಬರುವಾಗ ಆಸರೆಯಿಲ್ಲದ ಮರದ ಎಳೆಗಳು ಸಿಬಿರೆದ್ದು ಕಿತ್ತುಬರುತ್ತವೆ; ತುಂಡು ಅವನ್ನು ತಡೆಯುತ್ತದೆ. ಗಾಲಿಯನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪ್‌ನಿಂದ ಬಿಗಿಯಿರಿ. ಡ್ರಿಲ್ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ.

ಕೊನೆಗೆ ಪರೀಕ್ಷೆ. ಗಾಲಿಯನ್ನು ಅಚ್ಚಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ. ಸೀಮೆಸುಣ್ಣವನ್ನು ಅಲುಗಾಡಿಸದೆ ಅಂಚಿಗೆ ತುಸುವೇ ತಾಗುವಂತೆ ಹಿಡಿಯಿರಿ. ಸುತ್ತಲೂ ಬಿಳಿ ಗೆರೆ ಬಂದರೆ ತೂತು ಕೇಂದ್ರದಲ್ಲಿದೆ. ಒಂದೇ ಕಡೆ ಬಂದರೆ, ತೂತು ಅದರ ಎದುರು ದಿಕ್ಕಿಗೆ ಸರಿದಿದೆ. ಮುಂದಿನ ಗಾಲಿಯಲ್ಲಿ ಏನನ್ನು ತಿದ್ದಿಕೊಳ್ಳಬೇಕು? ಚುಕ್ಕೆಯನ್ನೋ, ಕುಳಿಯನ್ನೋ, ಡ್ರಿಲ್‌ನ ನಿಲುವನ್ನೋ? ಒಂದೊಂದಾಗಿ ಪರೀಕ್ಷಿಸಿ ನೀವೇ ಕಂಡುಹಿಡಿಯಿರಿ.